ಪ್ಲೇಟ್ ಬ್ಯಾರೆ, ಕಾಲು ಬ್ಯಾರೆ

1/3
ದೋಸ್ತರ, ಸಿಟ್ಟಾಗಬ್ಯಾಡ್ರಿ. ಬೇವು, ಅರಿಶಿನದ ಜೆಲ್ ಮಾಡಿ, ಅಗಾರ್ ಪ್ಲೇಟಿನೊಳಗ ಬ್ಯಾಕ್ಟೀರಿಯಾ ಬೆಳೀಲಾರದ ಉಂಗುರ ಕಂಡ ಕೂಡ್ಲೇ 'ಶುಗರ್ ಗಾಯಕ್ಕ ಮದ್ದು ಸಿಕ್ತು' ಅಂತ ರೀಲ್ ಹಾಕೋದು ಬಿಡ್ರಿ. ಪ್ಲೇಟಿಗೆ ಶುಗರ್ ಏರಂಗಿಲ್ಲ, ಅದು ಬರಿಗಾಲಲ್ಲಿ ನಡಿಯಂಗಿಲ್ಲ.

2/3
ಗಿಡದ ಮದ್ದೇ ಸುಳ್ಳು ಅನ್ನಂಗಿಲ್ಲ ನಾ. ನಾವು ಕೆಮ್ಮಿಗೆ ಅರೆಯೋ ದೊಡ್ಡಪತ್ರೆ, ಜೊತೆಗೆ ಒಂದೆಲಗ; ಇವುಗಳ ಸಾರದಿಂದಲೇ ತೈವಾನಿನ ಕಂಪನಿಯೊಂದು ಓಎನ್101 ಕ್ರೀಮ್ ಮಾಡಿದೆ. 236 ರೋಗಿಗಳ ಮೇಲಿನ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. 16 ವಾರದಲ್ಲಿ ಗಾಯ ಪೂರ್ತಿ ಮಾಯ್ದದ್ದು ಕ್ರೀಮ್ ಹಚ್ಚಿದವರಲ್ಲಿ ಶೇ. 60.7, ಬರೀ ಡ್ರೆಸಿಂಗ್ ಕಟ್ಟಿಸಿಕೊಂಡವರಲ್ಲಿ ಶೇ. 35.1. ಅದೂ ಸತ್ತ ಮಾಂಸ ತೆಗೆದು ಸ್ವಚ್ಛ ಮಾಡಿದ ಮೇಲೆ. ಕೀವು ಎಲುಬಿಗೆ ಇಳಿದ ಕಾಲಿಗಲ್ಲ! ಇನ್ನೊಂದು ಮಜಾ: ಆ ಕ್ರೀಮಿನ ಮುಖ್ಯ ಕೆಲಸ ಬ್ಯಾಕ್ಟೀರಿಯಾ ಕೊಲ್ಲೋದಲ್ಲ, ಉರಿಯೂತ ತಣಿಸೋದು. ನಿಮ್ಮ ಉಂಗುರ ಅದನ್ನ ತೋರಸ್ತದೇನು?

3/3
ಜೋರಾಪುರ ಪೇಟೆಯ ಯಾವುದೋ ಅಜ್ಜಗ ಕಾಲಿಗೆ ಮೊಳೆ ಚುಚ್ಚಿದ್ದೇ ಗೊತ್ತಾಗಿರಂಗಿಲ್ಲ, ಶುಗರ್‌ನಿಂದ ಕಾಲು ಜೋಮು ಹಿಡಿದಿರ್ತದ. ಮೊಮ್ಮಗ ನಿಮ್ಮ ರೀಲ್ ನೋಡಿ ಎಂಟು ದಿನ ತಪ್ಪಲ ಅರೆದು ಮೆತ್ತಿದರ, ಆ ಎಂಟು ದಿನ ಯಾರು ವಾಪಸ್ ಕೊಡ್ತೀರಿ? ಬಾವು, ಕೀವು, ವಾಸನೆ, ಜ್ವರ ಕಂಡರ ಅವತ್ತೇ ದವಾಖಾನಿಗೆ ಕರ್ಕೊಂಡು ಹೋಗ್ರಿ. ಜೆಲ್ ಮಾಡ್ರಿ, ಬ್ಯಾಡ ಅಂದವರ್ಯಾರು? ಆದ್ರ ರೀಲಿನ ಮ್ಯಾಲೆ 'ಇದು ಪ್ಲೇಟಿನ ಫಲಿತಾಂಶ ಮಾತ್ರ' ಅಂತ ದಪ್ಪಕ್ಷರದಾಗ ಬರೀರಿ.