‘ಲಕ್ಷ್ಮಿ’ ಅಂದ್ರೆ ನಿಮ್ಮ ಫಾರ್ಮ್‌ಗೆ ಎಷ್ಟು ಅಕ್ಷರ?

ಫಾರ್ಮ್ ತುಂಬುವವರಿಗೆ ಒಳಗೆ ಯಾವ ಲೈಬ್ರರಿ ಕೂತಿದೆ ಅಂತ ಗೊತ್ತಾಗಲ್ಲ. ಅವರಿಗೆ ಕಾಣೋದು ಕೆಂಪಕ್ಷರದ ಒಂದು ಸಾಲು, ಅಷ್ಟೇ. ಡೆವಲಪರ್‌ಗಳಾದ ನಾವು ಮಾತ್ರ ಝಾಡಾ, ಯಪ್ಪಾ, ಜಾಯಾ, ವ್ಯಾಲಿಬಾಟಾ ಅಂತ ವಾರಗಟ್ಟಲೆ ಚರ್ಚೆ ಮಾಡ್ತೀವಿ, ಗಿಟ್‌ಹಬ್‌ನಲ್ಲಿ ಸ್ಟಾರ್ ಎಣಿಸ್ತೀವಿ. ಈ ಸಲ ಆ ಆಯ್ಕೆಯ ಬಗ್ಗೆಯೇ ಬರೀತಿದ್ದೀನಿ. ಕೋಡ್ ಬರೆಯದವರೂ ಓದಬಹುದು. ಫಾರ್ಮ್ ತುಂಬ್ತಾ ಬೈದುಕೊಂಡವರು ನಿಮ್ಮಲ್ಲೂ ಇದ್ದೀರಲ್ಲ!

ವ್ಯಾಲಿಡೇಶನ್ ಅಂದ್ರೆ ನೀವು ಟೈಪ್ ಮಾಡಿದ್ದು ಸರಿಯಾದ ರೂಪದಲ್ಲಿದೆಯಾ ಅಂತ ನೋಡೋದು. ಪಿನ್ ಕೋಡ್ ಅಂದ್ರೆ 6 ಅಂಕಿ, ಮೊದಲನೆಯದು ಸೊನ್ನೆ ಆಗಿರಬಾರದು. ಪ್ಯಾನ್ ಅಂದ್ರೆ 5 ಅಕ್ಷರ, 4 ಅಂಕಿ, ಕೊನೆಗೆ ಮತ್ತೊಂದು ಅಕ್ಷರ. ಇಂಥ ನಿಯಮಗಳನ್ನೆಲ್ಲ ಒಂದೇ ಕಡೆ ‘ಸ್ಕೀಮಾ’ ಅಂತ ಬರೆದು ಲೈಬ್ರರಿಯ ಕೈಗೆ ಕೊಡ್ತೀವಿ. ಪರೀಕ್ಷೆ ಮಾಡೋ ಕೆಲಸ ಅದರದ್ದು.

ನನ್ನ ಕೇಳಿದ್ರೆ, ಈ ನಾಲ್ಕರಲ್ಲಿ ಯಾವುದನ್ನು ಹಾಕಿದ್ರೂ ಸಾಧಾರಣ ಆಪ್ ನಡೆಯುತ್ತೆ. ನಿಜವಾದ ವ್ಯತ್ಯಾಸ ಇರೋದು ಯಾರೂ ಓದದ ಡೀಫಾಲ್ಟ್‌ಗಳಲ್ಲಿ. ಜಾಯ್ ಮತ್ತು ಯಪ್ ನೇರವಾಗಿ ಬಳಸಿದ್ರೆ ಮೊದಲ ತಪ್ಪು ಸಿಕ್ಕ ಕೂಡಲೇ ನಿಂತುಬಿಡ್ತವೆ. ಅದನ್ನು ಸರಿ ಮಾಡಿ ಕಳಿಸಿದ್ರೆ ಆಮೇಲೆ ಎರಡನೆಯದು. ಕೌಂಟರ್‌ನಲ್ಲಿ ಮೊದಲು ಫೋಟೊ ಇಲ್ಲ ಅಂತ ವಾಪಸ್ ಕಳಿಸಿ, ಫೋಟೊ ತಂದ ಮೇಲೆ ಜೆರಾಕ್ಸ್ ಎಲ್ಲಿ ಅಂತ ಕೇಳ್ತಾರಲ್ಲ, ಥೇಟ್ ಹಾಗೆ. ಒಂದು ಆಪ್ಶನ್ ಬದಲಾಯಿಸಿದ್ರೆ ಎಲ್ಲ ತಪ್ಪನ್ನೂ ಒಟ್ಟಿಗೆ ಹೇಳ್ತವೆ. ಆದ್ರೆ ಹಾಗೊಂದು ಆಪ್ಶನ್ ಇದೆ ಅಂತ ಗೊತ್ತಿರಬೇಕು.

ಇನ್ನೊಂದು, ಅಂಕಿಗಳ ವಿಷಯ. ಫಾರ್ಮ್‌ನಿಂದ ಬರೋದೆಲ್ಲ ಪಠ್ಯವಾಗಿಯೇ ಬರುತ್ತೆ. ‘35’ ಅಂತ ಬಂದ ವಯಸ್ಸನ್ನು ಯಪ್ ಮತ್ತು ಜಾಯ್ ತಾವಾಗಿಯೇ ಸಂಖ್ಯೆಯಾಗಿ ಬದಲಾಯಿಸಿಕೊಳ್ತವೆ. ಝಾಡ್ ಹಾಗೆ ಮಾಡಲ್ಲ, ‘ಇದು ಸಂಖ್ಯೆ ಅಲ್ಲ’ ಅನ್ನುತ್ತೆ. ಬದಲಾಯಿಸು ಅಂತ ನಾವೇ ಹೇಳಬೇಕು. ಹೇಳಿದ್ವಿ ಅನ್ನಿ, ಆಗ ಖಾಲಿ ಬಿಟ್ಟ ಕಾಲಂ ಸೊನ್ನೆಯಾಗಿಬಿಡುತ್ತೆ! ಖಾಲಿ ಪಠ್ಯವನ್ನು ಜಾವಾಸ್ಕ್ರಿಪ್ಟ್ ಸೊನ್ನೆ ಅಂತಲೇ ಓದೋದು. ಸಾಲದ ಅರ್ಜಿಯಲ್ಲಿ ‘ವಾರ್ಷಿಕ ಆದಾಯ’ ತುಂಬದೇ ಬಿಟ್ಟವರು ಆದಾಯವೇ ಇಲ್ಲದವರಾಗ್ತಾರೆ. ಬೆಂಚ್‌ಮಾರ್ಕ್ ಚಾರ್ಟ್‌ಗಳಲ್ಲಿ ಇಂಥದ್ದು ಸಿಗಲ್ಲ.

ಇವೆಲ್ಲ ಸಣ್ಣವು. ದೊಡ್ಡ ಗೋಳು ಹೆಸರಿನದ್ದು.

ನಮ್ಮ ದೊಡ್ಡಮ್ಮನಿಗೆ ಇರೋದು ಒಂದೇ ಹೆಸರು. ಇನಿಶಿಯಲ್ ಇಲ್ಲ, ಸರ್‌ನೇಮ್ ಅಂತೂ ನಮ್ಮ ಮನೆತನದಲ್ಲೇ ಇಲ್ಲ. ಒಂದು ಆರೋಗ್ಯ ವಿಮೆಯ ಆಪ್‌ನಲ್ಲಿ ‘ಲಾಸ್ಟ್ ನೇಮ್’ ಕಡ್ಡಾಯ ಅಂತ ಬಂತು. ಫೋನ್ ಮಾಡಿ, “ಏನೋ ಇದು, ಊರ ಹೆಸರು ಹಾಕ್ಬೇಕೇನೋ?” ಅಂತ ಕೇಳಿದ್ರು. ಚುಕ್ಕೆ ಇಟ್ಟು ನೋಡಿದ್ರು, ಒಪ್ಪಲಿಲ್ಲ. ಇರೋ ಹೆಸರನ್ನೇ ಎರಡು ಸಲ ಹಾಕಿದ್ರು, ಹಸಿರು ಟಿಕ್ ಬಂತು. ಎರಡು ವರ್ಷದ ಮೇಲೆ ಆಸ್ಪತ್ರೆ ಸೇರಿದಾಗ ಪಾಲಿಸಿಯ ಹೆಸರು ಆಧಾರ್ ಜೊತೆ ಹೊಂದಲಿಲ್ಲ. ಡಿಸ್ಚಾರ್ಜ್ ದಿನ ಬಿಲ್ಲನ್ನು ನಾವೇ ಕಟ್ಟಿದ್ವಿ. ಆಮೇಲೆ ನೋಟರಿ, ಅಫಿಡವಿಟ್, ದಿನಕ್ಕೊಂದು ಈಮೇಲ್. ದುಡ್ಡು ಕೊನೆಗೂ ವಾಪಸ್ ಬಂತು ಅನ್ನಿ. ಆದ್ರೆ ಅಲ್ಲಿವರೆಗೂ ದೊಡ್ಡಮ್ಮ, “ನಾನೇ ತಪ್ಪು ತುಂಬಿದ್ದು” ಅಂತಲೇ ಹೇಳ್ತಿದ್ರು. ಅವರದ್ದೇನು ತಪ್ಪು? ಆ ಆಪ್‌ನ ಲೈಬ್ರರಿ ತನಗೆ ಕೊಟ್ಟ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತ್ತು. ನಿಯಮ ಬರೆದವರ ತಲೆಯಲ್ಲಿ ಎಲ್ಲರಿಗೂ ಎರಡು ಹೆಸರಿತ್ತು.

ಹೆಸರನ್ನು ಕನ್ನಡದಲ್ಲಿ ತುಂಬೋಕೆ ಹೋದ್ರೆ ಪಾಡು ಇನ್ನೂ ಬೇರೆ. ಬಹಳಷ್ಟು ಫಾರ್ಮ್‌ಗಳಲ್ಲಿ ನಿಯಮ ‘ಎ ಇಂದ ಝಡ್‌ವರೆಗೆ’ ಅಂತಿರುತ್ತೆ, ಅಲ್ಲಿಗೆ ಕನ್ನಡ ಔಟ್. ಸ್ವಲ್ಪ ತಿಳಿದವರು ಯುನಿಕೋಡ್‌ನ ‘ಲೆಟರ್’ ಗುಂಪು ಹಾಕ್ತಾರೆ. ಅದರಲ್ಲೂ ‘ಲಕ್ಷ್ಮಿ’ ಪಾಸಾಗಲ್ಲ. ಯಾಕಂದ್ರೆ ಯುನಿಕೋಡ್‌ನಲ್ಲಿ ನಮ್ಮ ಗುಣಿಸು, ವಿರಾಮ ಚಿಹ್ನೆ ಇವೆಲ್ಲ ‘ಲೆಟರ್’ ಅಲ್ಲ, ‘ಮಾರ್ಕ್’ ಅನ್ನೋ ಬೇರೆ ಗುಂಪು. ಎರಡನ್ನೂ ಸೇರಿಸಬೇಕು. ಜೊತೆಗೆ ಇನಿಶಿಯಲ್‌ಗೆ ಚುಕ್ಕೆ, ಮಧ್ಯೆ ಸ್ಪೇಸ್ ಕೂಡ ಬಿಡಬೇಕು. ಉದ್ದದ ಲೆಕ್ಕವೂ ವಿಚಿತ್ರ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಜಾವಾಸ್ಕ್ರಿಪ್ಟ್ ಎಣಿಸಿದ್ರೆ 7: ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು. ‘ಗರಿಷ್ಠ 20 ಅಕ್ಷರ’ ಅಂತ ಮಿತಿ ಹಾಕಿದವರಿಗೆ ಒತ್ತಕ್ಷರದ ಹೆಸರುಗಳು ಎಷ್ಟು ಬೇಗ ಅದನ್ನು ದಾಟ್ತವೆ ಅಂತ ಗೊತ್ತೇ ಇರಲ್ಲ.

ಅದಕ್ಕೆ ಹೊಸ ಪ್ರಾಜೆಕ್ಟ್ ಶುರುವಾದಾಗ ನಾನು ಲೈಬ್ರರಿಗಿಂತ ಮೊದಲು ಒಂದು ಪಟ್ಟಿ ಮಾಡ್ತೀನಿ. ಒಂದೇ ಪದದ ಹೆಸರು, ಮೂರು ಇನಿಶಿಯಲ್ ಇರೋ ಹೆಸರು, ಕನ್ನಡದಲ್ಲಿ ಬರೆದ ಹೆಸರು, ಕಾಂಟ್ಯಾಕ್ಟ್ಸ್‌ನಿಂದ ಕಾಪಿ ಮಾಡಿದ +91 ಸಮೇತದ ನಂಬರು, ಸಣ್ಣಕ್ಷರದ ಪ್ಯಾನ್, ಕೊನೆಯಲ್ಲಿ ಒಂದು ಸ್ಪೇಸ್ ಉಳಿದ ಪ್ಯಾನ್. ಆ ಸ್ಪೇಸ್ ಫೋನಿನ ಕೀಬೋರ್ಡ್ ಸಜೆಶನ್ ಒತ್ತಿದಾಗ ತಾನಾಗಿಯೇ ಬರುತ್ತೆ, ಕಣ್ಣಿಗೂ ಕಾಣಲ್ಲ. ಎಲ್ಲ ಸರಿಯಿದ್ರೂ ‘ಇನ್‌ವ್ಯಾಲಿಡ್’ ಅಂತ ಬಂದ್ರೆ ಮನುಷ್ಯ ಏನು ಮಾಡ್ಬೇಕು? ನಾಲ್ಕೂ ಲೈಬ್ರರಿಗಳಲ್ಲಿ ಸ್ಪೇಸ್ ಕತ್ತರಿಸೋ, ದೊಡ್ಡಕ್ಷರ ಮಾಡೋ ಸೌಲಭ್ಯ ಇದೆ. ಝಾಡ್‌ನಲ್ಲಿ ಬರೆದ ಕ್ರಮ ಮುಖ್ಯ: ಮೊದಲು ಟ್ರಿಮ್, ಆಮೇಲೆ ಪರೀಕ್ಷೆ. ಫೋನ್ ನಂಬರ್‌ಗೆ ಮಾತ್ರ ಸ್ವಂತ ನಿಯಮ ಬರೆಯೋ ಸಾಹಸ ಬೇಡ, ಗೂಗಲ್‌ನ ಲಿಬ್‌ಫೋನ್‌ನಂಬರ್ ಇದೆ.

ಈ ಪಟ್ಟಿ ಕೈಯಲ್ಲಿದ್ರೆ ಆಯ್ಕೆ ಅರ್ಧ ದಿನದ ಕೆಲಸ. ಟೈಪ್‌ಸ್ಕ್ರಿಪ್ಟ್ ಬಳಸ್ತಿದ್ರೆ ಝಾಡ್ ಹಿತ, ಸ್ಕೀಮಾದಿಂದಲೇ ಟೈಪ್ ಸಿಗುತ್ತೆ. ನೆಟ್‌ವರ್ಕ್ ಕುಂಟುವ ಊರುಗಳ ಬಳಕೆದಾರರು ಜಾಸ್ತಿ ಇದ್ರೆ ವ್ಯಾಲಿಬಾಟ್ ನೋಡಿ, ಬಳಸಿದ ಫಂಕ್ಷನ್‌ಗಳಷ್ಟೇ ಫೋನಿಗೆ ಇಳಿಯುತ್ತೆ. ಹಳೇ ಪ್ರಾಜೆಕ್ಟ್‌ನಲ್ಲಿ ಯಪ್ ಚೆನ್ನಾಗಿ ನಡೀತಿದ್ರೆ ಕೀಳೋಕೆ ಹೋಗಬೇಡಿ. ಝಾಡ್, ವ್ಯಾಲಿಬಾಟ್, ಆರ್ಕ್‌ಟೈಪ್ ಮಾಡಿದವರೇ ಸೇರಿ ‘ಸ್ಟ್ಯಾಂಡರ್ಡ್ ಸ್ಕೀಮಾ’ ಅಂತ ಒಂದು ಸಾಮಾನ್ಯ ಒಪ್ಪಂದ ಮಾಡಿಕೊಂಡಿದ್ದಾರೆ. ಹಾಗಾಗಿ ನಾಳೆ ಬದಲಾಯಿಸೋದು ಮೊದಲಿನಷ್ಟು ಕಷ್ಟ ಅಲ್ಲ. ಯಾವುದನ್ನೇ ಹಾಕಿ, ಅದೇ ಪರೀಕ್ಷೆ ಸರ್ವರ್‌ನಲ್ಲೂ ಇರಲೇಬೇಕು. ಬ್ರೌಸರ್‌ನದ್ದನ್ನು ಯಾರು ಬೇಕಾದ್ರೂ ದಾಟಿ ಬರ್ತಾರೆ.

ನಮ್ಮ ಟೀಮ್‌ನಲ್ಲಿ ಈಗಿರೋದು ಝಾಡ್. ಅದರ ಎರರ್ ಮೆಸೇಜ್‌ಗಳನ್ನು ಬರೆದುಕೊಟ್ಟದ್ದು ಮಾತ್ರ ಡೆವಲಪರ್ ಅಲ್ಲ, ಕಸ್ಟಮರ್ ಕೇರ್‌ನಲ್ಲಿ ದಿನವಿಡೀ ಫೋನ್ ಎತ್ತೋ ಹುಡುಗಿ. ‘ಇನ್‌ವ್ಯಾಲಿಡ್ ಇನ್‌ಪುಟ್’ ಇದ್ದ ಕಡೆ ಅವಳು ಬರೆದದ್ದು ಹೀಗೆ: “ಪ್ಯಾನ್‌ನಲ್ಲಿ 10 ಅಕ್ಷರ ಇರುತ್ತೆ, ನೀವು 9 ಹಾಕಿದ್ದೀರಿ. ಕಾರ್ಡ್ ಇನ್ನೊಮ್ಮೆ ನೋಡಿ.” ಲಾಸ್ಟ್ ನೇಮ್ ಪಕ್ಕ: “ಇದ್ದರೆ ಮಾತ್ರ ತುಂಬಿ.”