ದಾರಿ ಬದಲಾದಾಗ

ನವಲಗುಂದದ ಎರೆಹೊಲಗಳ ನಡುವೆಯಾಗಲಿ, ಕಲಘಟಗಿಯ ಮಲೆನಾಡಿನ ಸೆರಗಿನಲ್ಲಾಗಲಿ, ಅಣ್ಣಿಗೇರಿ ಕುಂದಗೋಳಗಳ ಸುತ್ತಿನ ಹಳ್ಳಿಗಳಲ್ಲಾಗಲಿ ವಯೋವೃದ್ಧರನ್ನು ಮಾತನಾಡಿಸಿದರೆ, ಅವರು ತಮ್ಮ ಹಿರಿಯರಿಂದ ಕೇಳಿದ ಪ್ಲೇಗಿನ ಕಥೆಯನ್ನು ಹೇಳುವುದುಂಟು. ಮನೆಯ ಜಂತಿಯಿಂದ ಇಲಿ ಸತ್ತು ಬಿದ್ದಿತೆಂದರೆ ಊರಿಗೆ ಊರೇ ಕದವಿಕ್ಕಿಕೊಂಡು ಹೊರಡುತ್ತಿತ್ತು. ಹೊಲದಲ್ಲಿ ಕಣಿಕೆಯ ಗುಡಿಸಲು ಹಾಕಿಕೊಂಡು, ಅಲ್ಲಿಯೇ ಒಲೆ ಹೂಡಿ, ರೋಗ ಇಳಿಯುವವರೆಗೆ ಜನ ದಿನ ನೂಕುತ್ತಿದ್ದರು.

ಮಹಾಮಾರಿಯೆಂಬುದು ನಮಗೂ ಬರಿಯ ಕಥೆಯಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ರೈಲು, ವಿಮಾನಗಳು ನಿಂತವು. ಹೊರಡಬೇಕಾದವರು ಹೊರಡಲಿಲ್ಲ, ಪರಸ್ಥಳದಲ್ಲಿದ್ದವರು ಅಲ್ಲಿಯೇ ಸಿಕ್ಕಿಕೊಂಡರು. ಓದಿಗೆಂದು ಪರದೇಶಕ್ಕೆ ಹೋಗಬೇಕೆಂದಿದ್ದ ಎಷ್ಟೋ ತರುಣರು ತಮ್ಮ ಬಾಳಿನ ಗುರಿಯೇ ತಪ್ಪಿತೆಂದು ಕೊರಗಿದರು. ಅವರ ನೋವು ಸಹಜವಾದದ್ದು. ಆದರೆ ಎಣಿಸಿದ ಪ್ರಯಾಣ ತಪ್ಪಿದರೆ ಗುರಿಯೂ ತಪ್ಪಿದಂತೆಯೇ? ನನಗೆ ಹಾಗೆ ತೋರುವುದಿಲ್ಲ. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ನಮ್ಮ ಹುಬ್ಬಳ್ಳಿಗೆ ಪ್ಲೇಗಿನ ಮದ್ದು ತಲುಪಿದ ಬಗೆಯನ್ನು ನೆನೆದಾಗ ಈ ಸಂದೇಹ ಇನ್ನೂ ಬಲಗೊಳ್ಳುತ್ತದೆ.

ಆ ಮದ್ದನ್ನು ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್. 1860ರಲ್ಲಿ ಒಡೆಸ್ಸಾ ನಗರದಲ್ಲಿ, ಯಹೂದಿ ಮನೆತನದಲ್ಲಿ ಅವರು ಜನಿಸಿದರು. ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಈಗ ಯುಕ್ರೇನ್ ದೇಶದಲ್ಲಿದೆ. ತಾಯ್ನಾಡನ್ನು ಬಿಟ್ಟು ಪ್ಯಾರಿಸ್ಸಿಗೆ ಬಂದು, ಪಾಶ್ಚರ್ ಸಂಸ್ಥೆಯಲ್ಲಿ ಮೊದಲು ಗ್ರಂಥಾಲಯದ ಕೆಲಸಕ್ಕೆ ನಿಂತರು. ಬಿಡುವಿನ ವೇಳೆಯಲ್ಲಿ ರೋಗಾಣುಗಳ ಅಭ್ಯಾಸ ಮಾಡಿ, 1892ರಲ್ಲಿ ಕಾಲರಾ ಲಸಿಕೆಯೊಂದನ್ನು ಸಿದ್ಧಪಡಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಅದನ್ನು ತಮ್ಮ ನಾಡಿಗೆ ಒಯ್ಯಬೇಕೆಂಬುದು ಅವರ ಬಯಕೆಯಾಗಿತ್ತು. ರಷ್ಯದ ಸರಕಾರ ಒಪ್ಪಲಿಲ್ಲ. ಸಯಾಮಿಗೆ, ಅಂದರೆ ಇಂದಿನ ಥಾಯ್ಲೆಂಡಿಗೆ ಹೋಗುವ ವಿಚಾರ ನಡೆಯಿತು, ಅದೂ ಕೈಗೂಡಲಿಲ್ಲ. ಹಿಂದೆ ಭಾರತದ ವೈಸರಾಯರಾಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ನರು ಭಾರತದ ಹೆಸರನ್ನು ಸೂಚಿಸಿದರು. ಹೀಗೆ 1893ರಲ್ಲಿ ಹಾಫ್‌ಕಿನ್ನರು ಕಲಕತ್ತೆಯಲ್ಲಿ ಬಂದಿಳಿದರು. ಸುಮಾರು 42,000 ಜನರಿಗೆ ಕಾಲರಾ ಲಸಿಕೆ ಹಾಕಿದ ಮೇಲೆ, 1895ರಲ್ಲಿ ಮಲೇರಿಯಾ ಜ್ವರದಿಂದ ನಿತ್ರಾಣರಾಗಿ ಯುರೋಪಿಗೆ ಮರಳಬೇಕಾಯಿತು. ಮರುವರ್ಷವೇ ಮತ್ತೆ ಬಂದರು.

ಬಂದದ್ದು ಕಾಲರಾ ಕೆಲಸಕ್ಕೆ. ಆದರೆ 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು, ಸರಕಾರ ಅವರನ್ನು ಅಲ್ಲಿಗೆ ಕರೆಸಿತು. ಮೆಡಿಕಲ್ ಕಾಲೇಜೊಂದರ ಇಕ್ಕಟ್ಟಾದ ಜಾಗದಲ್ಲಿ ಅವರು ಕೆಲಸಕ್ಕೆ ತೊಡಗಿದರು. ಮಾಂಸದ ತಿಳಿಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ಆ ಹನಿಗಳಿಗೆ ಜೋತುಬಿದ್ದು ಪ್ಲೇಗಿನ ರೋಗಾಣುಗಳು ಹುಲುಸಾಗಿ ಬೆಳೆಯುತ್ತಿದ್ದವು. ಅವನ್ನು ಕಾಯಿಸಿ ಕೊಂದು ಲಸಿಕೆ ತಯಾರಿಸುತ್ತಿದ್ದರು. (ಹೋಳಿಗೆಯ ಮೇಲಿನ ತುಪ್ಪವನ್ನಷ್ಟೇ ಬಲ್ಲ ನಮಗೆ ಇದು ಸೋಜಿಗವೇ ಸರಿ!) 1897ರ ಜನವರಿ 10ರಂದು ಈ ಲಸಿಕೆಯನ್ನೂ ಅವರು ತಮ್ಮ ಮೇಲೆಯೇ ಮೊದಲು ಪ್ರಯೋಗಿಸಿಕೊಂಡರು.

ಮುಂಬಯಿಯಿಂದ ರೈಲುದಾರಿ ಹಿಡಿದು ರೋಗ ಒಳನಾಡಿಗೆ ಹಬ್ಬಿತು. ಪುಣೆಯಲ್ಲಿ ಸಿಪಾಯಿಗಳು ಮನೆ ಹೊಕ್ಕು ರೋಗಿಗಳನ್ನು ಹುಡುಕತೊಡಗಿದಾಗ ಜನ ರೊಚ್ಚಿಗೆದ್ದರು. 1897ರ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದನು. ಅದರ ಮರುವರ್ಷ, 1898ರಲ್ಲಿ, ಪ್ಲೇಗು ಹುಬ್ಬಳ್ಳಿಯಲ್ಲಿತ್ತು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸುಮಾರು 50,000 ಜನಸಂಖ್ಯೆಯ ಆ ಊರಿನಲ್ಲಿ ಕೆಲವೇ ತಿಂಗಳುಗಳಲ್ಲಿ 30,000ಕ್ಕೂ ಹೆಚ್ಚು ಜನ ಲಸಿಕೆಗೆ ತೋಳೊಡ್ಡಿದರು. ಲ್ಯೂಮನ್ ಎಂಬ ವೈದ್ಯಾಧಿಕಾರಿ ಈ ಕಾರ್ಯದ ಹೊಣೆ ಹೊತ್ತಿದ್ದರು. ಕುಮಾರಿ ಕಾರ್ಥಾರ್ನ್ ಎಂಬ ಇಂಗ್ಲಿಷ್ ವೈದ್ಯೆಯೂ ಈ ಭಾಗದಲ್ಲಿ ದುಡಿದರು. ಪರಪುರುಷನ ಎದುರು ತೋಳು ಚಾಚಲು ಸಂಕೋಚಪಡುತ್ತಿದ್ದ ಹೆಣ್ಣುಮಕ್ಕಳಿಗೆ ಆ ತಾಯಿಯ ಇರವು ಎಷ್ಟು ಧೈರ್ಯ ಕೊಟ್ಟಿರಬೇಕು!

ಇಲ್ಲಿ ನಾವು ಒಂದು ಮಾತನ್ನು ಮರೆಯಬಾರದು. ಪರದೇಶದಲ್ಲಿ ಸಾಧನೆ ಮಾಡಿದವರ ಚರಿತ್ರೆಯನ್ನು ಬರೆಯುವಾಗ, ಅವರನ್ನು ನಂಬಿದ ಜನರನ್ನು ಕೈಬಿಡುವುದು ವಾಡಿಕೆಯಾಗಿದೆ. ಲಸಿಕೆ ಹಾಕಿಸಿಕೊಂಡವರಿಗೆ ಜ್ವರ ಬರುತ್ತಿತ್ತು, ತೋಳು ಬಾಯುತ್ತಿತ್ತು. ಅದು ಅಪಾಯವನ್ನು ತಗ್ಗಿಸುತ್ತಿತ್ತೇ ಹೊರತು ಪೂರ್ಣ ರಕ್ಷೆಯಾಗಿರಲಿಲ್ಲ. ಆಳುವವರ ಮೇಲಿನ ಅವಿಶ್ವಾಸವೂ ವದಂತಿಗಳೂ ದೇಶದಲ್ಲೆಲ್ಲ ಹರಡಿದ್ದವು. ಅಂಥ ದಿನಗಳಲ್ಲಿ, ಭಾಷೆ ಬಾರದ ಪರಕೀಯನೊಬ್ಬ ಸಿದ್ಧಪಡಿಸಿದ ಮದ್ದನ್ನು ಸ್ವೀಕರಿಸಿದ ಹುಬ್ಬಳ್ಳಿಯ ಗಿರಣಿ ಕೆಲಸಗಾರರು, ನೇಕಾರರು, ಗೃಹಿಣಿಯರು ಹಾಫ್‌ಕಿನ್ನರ ಸಾಧನೆಯಲ್ಲಿ ಪಾಲುದಾರರಲ್ಲವೇ?

ಪರದೇಶದ ಬಾಳು ಅವರಿಗೆ ಹೂವಿನ ಹಾಸಿಗೆಯಾಗಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಮಡಿದರು. ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿತ್ತು. ಆದರೂ ಅಪವಾದ ಬಂದದ್ದು ಪ್ರಯೋಗಶಾಲೆಯ ಮೇಲೆ. ಹಾಫ್‌ಕಿನ್ನರು ಕೆಲಸದಿಂದ ದೂರವಾಗಿ, ಅವಮಾನ ಹೊತ್ತು ಯುರೋಪಿಗೆ ಹಿಂದಿರುಗಿದರು. ಮಲೇರಿಯಾದ ಮರ್ಮವನ್ನು ಶೋಧಿಸಿದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ದನಿಯೆತ್ತಿದ ಮೇಲೆ, 1907ರಲ್ಲಿ ಆರೋಪದಿಂದ ಬಿಡುಗಡೆಯಾಯಿತು.

ಆಗ ಅವರು ಎಲ್ಲಿಗಾದರೂ ಹೋಗಬಹುದಾಗಿತ್ತು. ಮೊದಲ ಸಲ ಭಾರತಕ್ಕೆ ಬಂದದ್ದು ಬೇರೆ ದಾರಿಗಳು ಮುಚ್ಚಿದ್ದರಿಂದ. ಮುಂಬಯಿಗೆ ಬಂದದ್ದು ಸರಕಾರ ಕರೆಸಿದ್ದರಿಂದ. ಆ ಎರಡು ಪ್ರಯಾಣಗಳಿಗಿಂತ ಮೂರನೆಯದೇ ನನಗೆ ದೊಡ್ಡದಾಗಿ ಕಾಣುತ್ತದೆ. ನಲವತ್ತೇಳು ವರ್ಷ ವಯಸ್ಸಿನ ಹಾಫ್‌ಕಿನ್ನರು, ತಮ್ಮನ್ನು ದೂಷಿಸಿ ಕಳುಹಿಸಿದ ನಾಡಿಗೇ ಮರಳಿ ಹೊರಟು, ಹದಿನಾಲ್ಕು ವರ್ಷಗಳ ಹಿಂದೆ ಕೆಲಸ ಆರಂಭಿಸಿದ್ದ ಕಲಕತ್ತೆಯಲ್ಲಿಯೇ ಮತ್ತೆ ಪ್ರಯೋಗಶಾಲೆಯ ಮೇಜಿನ ಮುಂದೆ ಕುಳಿತರು.