ಸಪೂರ ಆದದ್ದು ಸರಿ, ವಾಂತಿ ನಿಂತಿದೆಯಾ?

ಹೊಟ್ಟೆ ಕಿರಿದು ಮಾಡುವ ಆಪರೇಶನ್ ಈಗ ನಮ್ಮವರಿಗೆ ಹೊಸತಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಅದರಿಂದ ಉಪಕಾರವೂ ಉಂಟು. ಆದರೆ ಮದುವೆ ಮನೆಯಲ್ಲಿ "ಎಷ್ಟು ಸಪೂರ ಆಗಿದ್ದೀರಿ" ಎಂದು ಹೊಗಳುವ ನಾವು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತದಾ ಎಂದು ಕೇಳುವುದಿಲ್ಲ.

ಕೇಳಬೇಕು. ಥಯಾಮಿನ್, ಅಂದರೆ ಬಿ1 ವಿಟಮಿನ್, ದೇಹದಲ್ಲಿ ದಾಸ್ತಾನು ಇರುವುದು 2-3 ವಾರಕ್ಕಾಗುವಷ್ಟೇ. ದಿನವೂ ವಾಂತಿಯಾದರೆ ಅದು ಬರಿದಾಗುತ್ತದೆ. ಆಮೇಲೆ ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಕಾಲು ಜೋಮು ಹಿಡಿಯುವುದು, ಮಾತು ಗೊಂದಲವಾಗುವುದು ಶುರು. "ಊಟ ಕಡಿಮೆಯಲ್ಲವಾ, ಅದಕ್ಕೇ ನಿಶ್ಶಕ್ತಿ" ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲುಕೋಸ್ ಹಾಕಿಸಿ ಬರುವ ಅಭ್ಯಾಸ ನಮ್ಮದು. ಬಿ1 ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮೆದುಳಿಗೆ ಇನ್ನಷ್ಟು ಪೆಟ್ಟು ಬೀಳಬಹುದು. ಡ್ರಿಪ್ ಹಾಕುವ ಮೊದಲೇ ಆಪರೇಶನ್ ಆದ ವಿಷಯ ಹೇಳಿಬಿಡಿ. ತಡವಾದರೆ ಹೋದ ನೆನಪಿನ ಶಕ್ತಿ ಮರಳದೇ ಇರಬಹುದು.

ಹೃದಯದ್ದು ಬೇರೆ ಕಥೆ. ತೂಕ ಇಳಿದಂತೆ ಬಿಪಿ, ನಾಡಿಬಡಿತ ಇಳಿಯುವುದು ಒಳ್ಳೆಯದೇ. ಆದರೆ ಬಿಪಿ ಮಾತ್ರೆ ಹಳೆಯ ಲೆಕ್ಕದಲ್ಲೇ ನುಂಗುತ್ತಿದ್ದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವುದುಂಟು. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಎದೆಬಡಿತದ ತಾಳವೂ ತಪ್ಪೀತು. ಹಾಗಾಗಿ ನೋಂಬು ಹಿಡಿಯುವ ಮೊದಲು ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ.

ರಜೆಯಲ್ಲಿ ಬಂದು ಆಪರೇಶನ್ ಮಾಡಿಸಿ ಗಲ್ಫಿಗೆ ಮರಳುವವರ ಬಗ್ಗೆ ನಮಗೆ ಹೆಚ್ಚು ಚಿಂತೆ. ವಿಟಮಿನ್ ಮಾತ್ರೆ ಮುಗಿದರೆ ನೆನಪಿಸಲು ಅಲ್ಲಿ ಮನೆಯವರಿಲ್ಲ. ಡಿಸ್ಚಾರ್ಜ್ ಚೀಟಿಯ ಫೋಟೋ ಅವರ ಮೊಬೈಲಿನಲ್ಲೂ ಇರಲಿ, ಮನೆಯವರ ಮೊಬೈಲಿನಲ್ಲೂ ಇರಲಿ.